ನೀಲಿ ಡ್ರಮ್ಮಿನ ನಲ್ಲಿ

ನಲ್ಲಿ ತಿರುಗಿಸಿದಾಗ ಬಂದ ಸದ್ದು ಅಂಗಳದಲ್ಲಿ ಯಾರಿಗೂ ಹಿಡಿಸಲಿಲ್ಲ. ಬಾಯಗಲದ ಮಡಕೆಯೊಳಗೆ ಸೋರೆಬುರುಡೆ ಮುಳುಗಿ ಏಳುವಾಗ ಮೆಕ್ಕೆಜೋಳದ ಹೆಂಡ ಚಿಚಾ ಒಂದು ಸದ್ದು ಮಾಡುತ್ತದೆ, ನಿದ್ದೆಗಣ್ಣಿನ ಹಸು ನೀರು ಹೀರಿದ ಹಾಗೆ. ಪುನಾತಾ ಕಣಿವೆಯಲ್ಲಿ ಹುಟ್ಟಿದವರ ಕಿವಿಗೆ ಅದು ತಾಯಿಯ ಜೋಗುಳಕ್ಕಿಂತ ಮೊದಲೇ ಬಿದ್ದಿರುತ್ತದೆ. ಇದೋ, ಆಸ್ಪತ್ರೆಯ ಮೂಲೆಯಲ್ಲಿ ಯಾರೋ ಕೈ ತೊಳೆಯುತ್ತಿರುವ ಸದ್ದು. ಮೋಯ್ಯೆ ಮರದ ನೆರಳಿನಲ್ಲಿ ಹಲಗೆಗಳ ಮೇಲೆ ಕುಳಿತಿದ್ದ ನೆರೆಹೊರೆಯವರು ಮಾತು ನಿಲ್ಲಿಸಿ, ಕಲ್ಲುಕಟ್ಟೆಯ ಮೇಲಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನೂ ಅದರ ಮುಂದೆ ಬಗ್ಗಿದ್ದ ಸೆನೋಬಿಯಾಳನ್ನೂ ನೋಡಿದರು.

ಸೆನೋಬಿಯಾ ಯಾರ ಮುಖವನ್ನೂ ನೋಡಲಿಲ್ಲ. ಲೋಟ ತುಂಬಿದಳು, ತಟ್ಟೆಯಲ್ಲಿಟ್ಟಳು, ಇನ್ನೊಂದು ಲೋಟ ಹಿಡಿದಳು. ಒಬ್ಬೊಬ್ಬರಿಗೆ ಒಂದೊಂದು ಲೋಟ. ಈ ಬೀದಿಯಲ್ಲಿ ಇಂಥದ್ದನ್ನು ಯಾರೂ ಕಂಡಿರಲಿಲ್ಲ.

"ಏನಮ್ಮ ಸೆನೋಬಿಯಾ," ಎಂದರು ದೊನ್ ತೆಯೋಫಿಲೊ. ಊರ ಕಾಲುವೆಯ ನೀರನ್ನು ಸರದಿ ಪ್ರಕಾರ ಹೊಲಗಳಿಗೆ ಬಿಡುವವರು ಅವರು; ಅವರು ನಕ್ಕರೆ ಬೀದಿ ನಗುತ್ತದೆ, ಅವರು ಉಗಿದರೆ ಬೀದಿ ಉಗಿಯುತ್ತದೆ. "ಚಿಚಾನ ಹಾಲು ಕರೆದಂಗೆ ಕರೀತಿದ್ದೀಯಲ್ಲ. ಕರು ಎಲ್ಲಿ ಕಟ್ಟಿದ್ದೀಯ?"

ಎಲ್ಲರೂ ನಕ್ಕರು. ಸೆನೋಬಿಯಾಳ ಕೈ ನಲ್ಲಿಯ ಮೇಲೆ ಒಂದು ಗಳಿಗೆ ಹಾಗೇ ನಿಂತುಬಿಟ್ಟಿತು. ಇವರಿಗೆ ಗೊತ್ತೇ? ಯಾರು ಹೇಳಿದರು? ಆಮೇಲೆ, ಅದು ಬರೀ ತಮಾಷೆ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು ಅವಳೂ ನಕ್ಕಳು, ಸ್ವಲ್ಪ ತಡವಾಗಿ.

ಅವಳಿಗೆ ಮೂರನೆಯ ತಿಂಗಳು. ನೆರಿಗೆಗಳ ಅಗಲ ಲಂಗದೊಳಗೆ ಮೂರಲ್ಲ, ಏಳು ತಿಂಗಳನ್ನೂ ಅಡಗಿಸಿಡಬಹುದು. ಹಿಂದೆ ಎರಡು ಸಲ ನಿಂತದ್ದು ಎರಡು ಸಲವೂ ಉಳಿದಿರಲಿಲ್ಲ. ಈ ಸಲ ಆರೋಗ್ಯ ಕೇಂದ್ರದ ನರ್ಸಮ್ಮ ಕೈ ಹಿಡಿದು ಹೇಳಿದ್ದಳು, "ಒಂದು ತೊಟ್ಟೂ ಬೇಡ, ನಾಲಿಗೆಗೂ ಹಚ್ಚಬೇಡ." ಸೆನೋಬಿಯಾ ಈ ಸುದ್ದಿಯನ್ನು ಗಂಡ ರುಫೀನೊನಿಗೂ ಹೇಳಿರಲಿಲ್ಲ. ರುಫೀನೊ ಒಳ್ಳೆಯವನೇ, ಆದರೆ ಎರಡು ಬುರುಡೆ ಇಳಿದ ಮೇಲೆ ಅವನ ಬಾಯಿ ಊರ ಬಾವಿ, ಯಾರು ಬೇಕಾದರೂ ಸೇದಬಹುದು.

ಕಷ್ಟ ಇದ್ದದ್ದು ಇಲ್ಲಿ. ಚಿಚಾ ಕುದಿಸಿದವಳು ಮೊದಲು ತಾನು ಕುಡಿಯಬೇಕು. ಬುರುಡೆ ತುಂಬಿ, ಅತಿಥಿಯ ಹೆಸರು ಹಿಡಿದು ಕರೆದು, ಅವನ ಕಣ್ಣೆದುರೇ ಕುಡಿದು, ಅದೇ ಬುರುಡೆಯನ್ನು ಮತ್ತೆ ತುಂಬಿ ಅವನ ಕೈಗಿಡಬೇಕು. ನನ್ನ ಹೊಟ್ಟೆಗೆ ಇಳಿದದ್ದೇ ನಿನ್ನ ಹೊಟ್ಟೆಗೂ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ, ಬುರುಡೆಯೇ ಹೇಳುತ್ತದೆ. ಅತ್ತೆ ಬಸೀಲಿಯಾ ಹಾಗೆ ಸಾವಿರಾರು ಬುರುಡೆ ಕುಡಿದು, ಸಾವಿರಾರು ಬುರುಡೆ ಕೊಟ್ಟು, ಹೋದ ವರ್ಷ ಇದೇ ದಿನ ತೀರಿಕೊಂಡಿದ್ದಳು. ಬೆಳಿಗ್ಗೆ ಇಗರ್ಜಿಯಲ್ಲಿ ವರ್ಷದ ಪೂಜೆ ಆಗಿ, ಮನೆಯವರು ಕಪ್ಪು ಬಟ್ಟೆ ಕಳಚಿದ್ದರು. ಬಸೀಲಿಯಾ ಹೋದಂದಿನಿಂದ ಬಾಗಿಲ ಮೇಲಿನ ಕೋಲಿಗೆ ಬಿಳಿ ಬಾವುಟ ಏರಿರಲಿಲ್ಲ. ಬಾವುಟ ಇಲ್ಲದ ಮನೆಯಲ್ಲಿ ಮಾರಲು ಚಿಚಾ ಇಲ್ಲ ಎಂದು ದಾರಿಹೋಕರು ಮುಂದೆ ನಡೆಯುತ್ತಾರೆ. ಲಾರಿಯ ಮೇಲಿಂದ ಬಿದ್ದ ರುಫೀನೊನ ಬೆನ್ನು ಇನ್ನು ಮೂಟೆ ಹೊರುವಂತಿರಲಿಲ್ಲ. ಈ ನೆರೆಯವರು ಇವತ್ತು ಸೆನೋಬಿಯಾಳ ಕೈಯ ಚಿಚಾ ಕುಡಿದು, ಚೆನ್ನಾಗಿತ್ತು ಎಂದು ಬೀದಿಗಿಳಿದರೆ ನಾಳೆ ಬಾವುಟ ಏರುತ್ತದೆ, ಮನೆ ಉಣ್ಣುತ್ತದೆ. ಕುಡಿಯದೆ ಎದ್ದು ಹೋದರೆ ಬಾವುಟಕ್ಕೆ ಬಟ್ಟೆ ಹರಿಯುವುದೂ ದಂಡ.

ಅದಕ್ಕೇ ಅವಳು ಗಂಡನೊಂದಿಗೆ ಮಂಗಳವಾರದ ಸಂತೆಗೆ ಹೋದದ್ದು. ಪಾತ್ರೆ ಅಂಗಡಿಯವನು ಮೂರು ಬಗೆ ತೋರಿಸಿದ್ದ. ಪೇಟೆಯ ಬಿಯರ್ ಅಂಗಡಿಗಳಲ್ಲಿ ಇರುವಂಥ ಉಕ್ಕಿನ ಪೀಪಾಯಿ, ಮೇಲೆ ಕೈಯಲ್ಲಿ ಒತ್ತುವ ಪಂಪು. ದಪ್ಪ ಗಾಜಿನ ಜಾಡಿ, ಕೆಳಗೆ ಪುಟ್ಟ ನಲ್ಲಿ. ಆಮೇಲೆ ಈ ನೀಲಿ ಡ್ರಮ್ಮು.

"ಪಂಪಿಂದು ಬೇಡ ತಾಯಿ," ಎಂದಿದ್ದ ಅವನು. "ಹೊಸದ್ರಲ್ಲಿ ಚೆಂದ, ರಬ್ಬರ್ ಹೋದ್ರೆ ಯಾರೂ ರಿಪೇರಿ ಮಾಡಲ್ಲ. ಗಾಜಿಂದು ತಗೊಳ್ಳಿ. ಒಳಗಿರೋದು ಕಾಣುತ್ತೆ, ಕುಡಿಯೋರಿಗೂ ಖುಷಿ."

"ಗಾಜಿಂದೇ ತಗೊಳ್ಳೋಣ," ಎಂದಿದ್ದ ರುಫೀನೊ. "ಅಮ್ಮನ ಮಡಕೆ ಇರೋವಾಗ ಇದೆಲ್ಲ ಯಾಕೆ ಅಂತಾನೇ ನಂಗೆ ಅರ್ಥ ಆಗ್ತಿಲ್ಲ, ಅದು ಬೇರೆ ಮಾತು."

"ಮಡಕೆಗೆ ನೊಣ, ಧೂಳು. ಒಂದೇ ಬುರುಡೆ ಎಲ್ಲರ ಬಾಯಿಗೂ. ಈಗ್ಲೂ ಅದೇ ಮಾಡ್ಬೇಕಾ?" ಎಂದು ಅವಳು ನೀಲಿ ಡ್ರಮ್ಮಿನ ಮೇಲೆ ಕೈಯಿಟ್ಟಿದ್ದಳು. ನಲ್ಲಿ ಇದ್ದರೆ ಬುರುಡೆ ಬೇಡ. ಬುರುಡೆ ಇಲ್ಲದಿದ್ದರೆ ಅದು ಕೈಯಿಂದ ಕೈಗೆ ಹೋಗುವ ಸುತ್ತು ಇಲ್ಲ. ಸುತ್ತು ಇಲ್ಲದಿದ್ದರೆ ಅವಳು ಮೊದಲು ಕುಡಿಯಬೇಕಿಲ್ಲ. ಇಷ್ಟೇ ಅವಳ ಲೆಕ್ಕ. ಗಾಜಿನದನ್ನು ಬೇಡವೆಂದದ್ದಕ್ಕೆ ಕಾರಣ ಅವಳಿಗೇ ಸ್ಪಷ್ಟವಿರಲಿಲ್ಲ. ಹುದುಗುವ ಮಡಕೆಯ ಬಾಯಿಗೆ ಬಟ್ಟೆ ಕಟ್ಟುವಾಗ ಬಸೀಲಿಯಾ ಹೇಳುತ್ತಿದ್ದಳು: ಇದಕ್ಕೂ ಬಸುರಿಗೂ ಒಂದೇ ಕಟ್ಟಳೆ ಮಗಳೇ, ಒಳಗೆ ಏನೋ ಉಸಿರಾಡ್ತಿದೆ, ಕೆಟ್ಟ ಕಣ್ಣು ಬಿದ್ರೆ ಹುಳಿ ಹಿಡಿಯುತ್ತೆ. ಆ ಮಾತು ಹುದುಗುವ ದಿನಗಳಿಗೆ ಮಾತ್ರ. ಬಡಿಸುವ ದಿನ ಬಸೀಲಿಯಾ ತಾನೇ ಬಟ್ಟೆ ಬಿಚ್ಚಿ, ಬನ್ನಿ ನೋಡಿ ಎಂದು ಎಲ್ಲರನ್ನೂ ಕರೆಯುತ್ತಿದ್ದಳು. ಒರೂರೋದ ಚಳಿಯ ಬಯಲಿನಿಂದ ಸೊಸೆಯಾಗಿ ಬಂದ ಸೆನೋಬಿಯಾ ಮೊದಲರ್ಧವನ್ನು ಮಾತ್ರ ಎದೆಯಲ್ಲಿ ಇಟ್ಟುಕೊಂಡಿದ್ದಳು. ಡ್ರಮ್ಮಿನ ಮುಚ್ಚಳವನ್ನು ಅವಳು ಬೆಳಿಗ್ಗೆ ಮೊಣಕಾಲು ಊರಿ ಬಿಗಿದಿದ್ದಳು.

ಈಗ ಲೋಟಗಳು ಅತಿಥಿಗಳ ಕೈ ಸೇರಿದವು. ಬೇಯಿಸಿದ ಜೋಳ, ಗಿಣ್ಣು, ಹುರಿದ ಹಂದಿಮಾಂಸ, ಕಲ್ಲಿನ ಮೇಲೆ ಅರೆದ ಟೊಮೆಟೊ ಖಾರ ಎಲ್ಲವೂ ಖರ್ಚಾಗುತ್ತಿತ್ತು. ಚಿಚಾ ಮಾತ್ರ ಲೋಟಗಳಲ್ಲಿ ಹಾಗೇ ಇತ್ತು. ಒಬ್ಬರು ಮೂಸಿದರು. ಇನ್ನೊಬ್ಬರು ಬಿಸಿಲಿಗೆ ಹಿಡಿದು ನೋಡಿದರು. ಒಬ್ಬಳು ಲೋಟವನ್ನು ಮೆಲ್ಲಗೆ ಹಲಗೆಯ ಕೆಳಗಿಟ್ಟು ಅದನ್ನು ಮರೆತವಳ ಹಾಗೆ ಮುಖ ತಿರುಗಿಸಿದಳು.

ಸೆನೋಬಿಯಾ ಮತ್ತೊಂದು ಲೋಟ ಹಿಡಿದಳು. ಧಾರೆ ಸಣ್ಣಗಾಯಿತು, ದಾರವಾಯಿತು, ಡ್ರಮ್ಮಿನೊಳಗೆ ಗುಳುಂ ಎಂದು ಏನೋ ನುಂಗಿಕೊಂಡಿತು, ನಿಂತಿತು. ನಲ್ಲಿಯನ್ನು ಅತ್ತ ಇತ್ತ ತಿರುಗಿಸಿದಳು. ಒಂದು ಹನಿ ಬಂತು.

"ಆಗ್ಲೇ ಖಾಲಿನಾ?" ಎಂದಿತು ಒಂದು ದನಿ.

"ಅರ್ಧ ಕೂಡ ಆಗಿಲ್ಲ. ಒಳಗೆ ಇನ್ನೇನೋ ಇದೆ, ಅದೇ ಅಡ್ಡ ಬಂದಿರಬೇಕು," ಎಂದಿತು ಮತ್ತೊಂದು.

"ಸಕ್ಕರೆ ಮೂಟೆ!"

"ಸಕ್ಕರೆ ಆದ್ರೆ ಪರ್ವಾಗಿಲ್ಲ. ಕ್ಲೀಸಾದಲ್ಲಿ ಒಬ್ಳು ಸ್ಪಿರಿಟ್ ಸುರಿದಿದ್ಲಂತೆ, ಕುಡಿದೋರು ಮೂರು ದಿನ ಗೋಡೆ ಹಿಡ್ಕೊಂಡು ಓಡಾಡಿದ್ರಂತೆ."

ಆಗ ದೋನ್ಯಾ ಹಸಿಂತಾ ಎದ್ದಳು. ಬಸೀಲಿಯಾಳ ವಾರಗೆಯವಳು, ಬೀದಿಯ ಆ ತುದಿಯ ಮನೆಯಲ್ಲಿ ತಾನೂ ಚಿಚಾ ಕುದಿಸುವವಳು. ಎರಡು ಜಡೆಗಳ ತುದಿಯನ್ನು ಬೆನ್ನ ಹಿಂದೆ ಸೇರಿಸಿ ಕಟ್ಟಿದ್ದಳು. ಒಂದೊಂದು ಹೆಜ್ಜೆಗೂ ಆ ಗಂಟು ಗಡಿಯಾರದ ಲೋಲಕದಂತೆ ಆಡುತ್ತಿತ್ತು. ಸೆನೋಬಿಯಾ ಲಂಗದ ನೆರಿಗೆಗಳನ್ನು ಸರಿಮಾಡಿಕೊಂಡಳು. ಹಿಂದಿನ ಎರಡು ಸಲವೂ, ಇನ್ನೂ ಯಾರಿಗೂ ತಿಳಿಯದಿದ್ದಾಗ, ಇದೇ ಹೆಂಗಸು ದಾರಿಯಲ್ಲಿ ತಡೆದು ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು "ಗಂಡು" ಎಂದಿದ್ದಳು. ಎರಡು ಸಲವೂ ಆ ಅಂಗೈಯ ಬಿಸಿ ಆರುವ ಮೊದಲೇ ಎಂಬಂತೆ ಎಲ್ಲ ಮುಗಿದಿತ್ತು. ಕೆಟ್ಟ ಕಣ್ಣು ಎಂದು ಬಾಯಿಬಿಟ್ಟು ಹೇಳಲು ಸಾಕ್ಷಿ ಏನಿದೆ? ಆದರೆ ಆಮೇಲೆ ಸೆನೋಬಿಯಾ ಆ ತುದಿಯ ದಾರಿ ಬಿಟ್ಟು ಕಾಲುವೆಯ ಪಕ್ಕದಿಂದ ಸುತ್ತಿ ಹೋಗುತ್ತಿದ್ದಳು.

"ಉಸಿರು ಕಟ್ಟಿದೆ ಅದಕ್ಕೆ," ಎಂದಳು ಹಸಿಂತಾ ಡ್ರಮ್ಮಿನ ಬೆನ್ನು ತಟ್ಟಿ. "ಮೇಲಿಂದ ಗಾಳಿ ಹೋಗ್ದೆ ಕೆಳಗೆ ಚಿಚಾ ಹೆಂಗೆ ಬರುತ್ತೆ? ಮುಚ್ಚಳ ತೆಗಿ, ಹುಡುಗಿ."

"ನೊಣ ಬೀಳುತ್ತೆ, ದೋನ್ಯಾ ಹಸಿಂತಾ."

"ನೊಣಕ್ಕೂ ಬಾಯಾರಿಕೆ ಇರುತ್ತೆ. ತೆಗಿ."

"ಧೂಳು..."

"ಬಸೀಲಿಯಾಳ ಚಿಚಾದಲ್ಲಿ ಧೂಳು ಕುಡಿದೇ ನಮಗೆಲ್ಲ ಈ ವಯಸ್ಸು ಬಂದಿರೋದು."

ಈ ಸಲ ಯಾರೂ ನಗಲಿಲ್ಲ. ತೆಯೋಫಿಲೊ ಲೋಟವನ್ನು ನೆಲಕ್ಕಿಟ್ಟು ಮೀಸೆ ಒರೆಸಿಕೊಂಡರು, ಕುಡಿಯದಿದ್ದರೂ. "ನೋಡಮ್ಮ, ಹೊಸ ಕಾಲ, ಹೊಸ ನಲ್ಲಿ, ನಂಗೇನೂ ಇಲ್ಲ. ಆದ್ರೆ ನೀನು ಕುಡೀಲಿಲ್ಲ. ಬಂದಾಗಿನಿಂದ ನೋಡ್ತಿದ್ದೀನಿ, ನೀನೊಂದು ಗುಟುಕೂ ಕುಡೀಲಿಲ್ಲ. ತಾನು ಕುಡೀದೆ ಇರೋದನ್ನ ಊರಿಗೆಲ್ಲ ಕೊಡೋಳು ಏನು ಕೊಡ್ತಿದಾಳೆ ಅಂತ ನಾವು ಕೇಳ್ಬಾರ್ದಾ?"

ರುಫೀನೊ ದಡಬಡಿಸಿ ಮುಂದೆ ಬಂದ. "ಅಯ್ಯೋ, ಅಷ್ಟೇನಾ! ನಾನು ಕುಡೀತೀನಿ, ತಗೊಳ್ಳಿ," ಎಂದು ಲೋಟಕ್ಕೆ ಕೈ ಹಾಕಿದ.

"ನೀನು ಕುದಿಸಿದ್ಯಾ?" ಎಂದರು ತೆಯೋಫಿಲೊ.

"ಇಲ್ಲ, ಆದ್ರೆ..."

"ಹಾಗಾದ್ರೆ ಕೂತ್ಕೋ."

ರುಫೀನೊ ಹೆಂಡತಿಯ ಕಡೆ ನೋಡಿದ. ಅವನ ಕಣ್ಣಿನಲ್ಲೂ ಅದೇ ಪ್ರಶ್ನೆ ಹಣಕಿದ್ದನ್ನು ಸೆನೋಬಿಯಾ ಕಂಡಳು: ನಿಜಕ್ಕೂ, ನೀನ್ಯಾಕೆ ಕುಡೀಲಿಲ್ಲ? ಮರದ ಮೇಲಿನ ಗುಬ್ಬಿಗಳೂ ಚಿಲಿಪಿಲಿ ನಿಲ್ಲಿಸಿ ಕತ್ತು ಓರೆ ಮಾಡಿದಂತೆ ಅವಳಿಗೆ ಅನಿಸಿತು. ಹೇಳಿಬಿಡಬಹುದು. ಒಂದೇ ಮಾತು. ಹೇಳಿದ ಕೂಡಲೇ ಇಷ್ಟೂ ಕಣ್ಣುಗಳು ಅವಳ ನೆರಿಗೆಗಳ ಮೇಲೆ ಇಳಿಯುತ್ತವೆ, ಹಸಿಂತಾಳ ಕಣ್ಣು ಎಲ್ಲಕ್ಕಿಂತ ಮೊದಲು. ಹೇಳದಿದ್ದರೆ ಇವರೆಲ್ಲ ಬಟ್ಟೆ ಕೊಡವಿಕೊಂಡು ಎದ್ದು ಹೋಗುತ್ತಾರೆ.

ಅವಳು ಮುಚ್ಚಳಕ್ಕೆ ಕೈ ಹಾಕಿದಳು. ಅದು ಬರಲಿಲ್ಲ, ಬೆಳಿಗ್ಗೆ ಅಷ್ಟು ಬಿಗಿದಿದ್ದಳು. ಹಸಿಂತಾ ಎದುರಿನಿಂದ ಹಿಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಿರುಗಿಸಿದರು. ಉಸ್ ಎಂದು ಡ್ರಮ್ಮು ಉಸಿರೆಳೆದುಕೊಂಡಿತು, ನಲ್ಲಿಯಿಂದ ಧಾರೆ ತಾನಾಗಿ ಸುರಿಯತೊಡಗಿತು, ಸೆನೋಬಿಯಾ ಅದನ್ನು ತಿರುಗಿಸಿ ನಿಲ್ಲಿಸಿದಳು. ಹುಳಿ ಬೆರೆತ ಸಿಹಿವಾಸನೆ, ಮಳೆಗೆ ಮುಂಚಿನ ಜೋಳದ ಹೊಲದ ವಾಸನೆ, ಅಂಗಳಕ್ಕೆ ಹರಡಿತು. ಹಸಿಂತಾ ಬಗ್ಗಿ ಒಳಗೆ ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಬೆನ್ನ ಮೇಲಿನ ಬಟ್ಟೆಗಂಟಿನಿಂದ ತನ್ನದೇ ಸೋರೆಬುರುಡೆ ತೆಗೆದು, ಮುಳುಗಿಸಿ ಎತ್ತಿ, ಸೆನೋಬಿಯಾಳ ಕೈಗೆ ಕೊಟ್ಟಳು.

"ಹೂಂ. ಹೆಸರು ಕರೆದು ಕುಡಿ."

"ದೊನ್ ತೆಯೋಫಿಲೊ," ಎಂದು ಕರೆದಳು ಸೆನೋಬಿಯಾ. ಬುರುಡೆಯನ್ನು ಮುಖದ ಮಟ್ಟಕ್ಕೆ ಎತ್ತಿದಳು. ತುಟಿ ಬಿಗಿದು ಅಂಚಿಗೆ ಒತ್ತಿ, ಬರೀ ಗಂಟಲನ್ನು ಆಡಿಸಿದಳು, ಒಮ್ಮೆ, ಮತ್ತೊಮ್ಮೆ. ಎರಡು ಹನಿ ಗಲ್ಲದ ಮೇಲಿಂದ ಇಳಿದವು. ಬುರುಡೆ ಇಳಿಸಿದಾಗ ಎದುರಿಗೆ ಹಸಿಂತಾ ನಿಂತಿದ್ದಳು, ಎಲ್ಲರಿಗೂ ಬೆನ್ನು ಕೊಟ್ಟು. ಅವಳ ನೋಟ ಬುರುಡೆಯ ಒಳಗಿತ್ತು. ಅದು ತುಂಬಿದಂತೆಯೇ ಇತ್ತು.

ಆ ನೋಟ ಬುರುಡೆಯಿಂದ ಸೆನೋಬಿಯಾಳ ಒದ್ದೆ ತುಟಿಗೆ ಏರಿತು. ಅಲ್ಲಿಂದ ಕೆಳಗಿಳಿದು ಸೊಂಟದ ಹತ್ತಿರ ಒಂದು ಕ್ಷಣ ನಿಂತಿತು. ಹಸಿಂತಾಳ ಬಲಗೈ ಎದ್ದಿತು. ಸೆನೋಬಿಯಾ ಒಂದು ಹೆಜ್ಜೆ ಹಿಂದೆ ಸರಿದಳು.

ಆ ಕೈ ಬುರುಡೆಯನ್ನು ಕಸಿದುಕೊಂಡಿತು.

"ಸಾಕು ಸಾಕು, ಎಲ್ಲಾ ನೀನೇ ಮುಗಿಸ್ತೀಯೇನು? ಅಬ್ಬಾ, ಒರೂರೋದೋಳ ಬಾಯಾರಿಕೆಯೇ!" ಎಂದು ಗಟ್ಟಿಯಾಗಿ ಹೇಳಿ, ತಿರುಗುವ ಮೊದಲೇ ಹಸಿಂತಾ ಅದನ್ನು ಎತ್ತಿ ಕುಡಿದಳು. ಗಟಗಟ ಕುಡಿದಳು, ಮುದಿ ಗಂಟಲಿನ ನರಗಳು ಏರಿಳಿಯುವಂತೆ. ಎಲ್ಲರೂ ಕಾದರು. ಅವಳು ನಾಲಿಗೆಯನ್ನು ಹಲ್ಲಿಗೆ ತಟ್ಟಿ ನೋಡಿದಳು.

"ಸಕ್ಕರೆ ಇಲ್ಲ," ಎಂದಳು. "ಸ್ಪಿರಿಟ್ಟೂ ಇಲ್ಲ. ಹುಳಿ ಒಂಚೂರು ಮುಂದು. ಬಸೀಲಿಯಾದು ಇದಕ್ಕಿಂತ ಚೆನ್ನಾಗಿತ್ತು. ನಂದೂ ಇದಕ್ಕಿಂತ ಚೆನ್ನಾಗಿದೆ, ಕೇಳೋರು ಕೇಳಿಸ್ಕೊಳ್ಳಿ. ಆದ್ರೆ ಇದು ಚಿಚಾನೇ."

ತೆಯೋಫಿಲೊ ನೆಲದ ಮೇಲಿನ ಲೋಟ ಎತ್ತಿಕೊಂಡರು. ಕುಡಿದು, ಇನ್ನೊಂದು ಸಲ ಕುಡಿದು, "ಈ ಬೆರಳುದ್ದದ ಲೋಟ ತೆಗೆದು ಬಿಸಾಕು ರುಫೀನೊ, ಬುರುಡೆ ತಾ," ಎಂದು ಕೂಗಿದರು. ಹಲಗೆಗಳ ಕೆಳಗೆ ಮರೆತಿದ್ದ ಲೋಟಗಳು ಒಂದೊಂದಾಗಿ ನೆನಪಾಗಿ ಮೇಲೆ ಬಂದವು. ಯಾರೋ ಚಾರಾಂಗೊ ವಾದ್ಯದ ತಂತಿ ಬಿಗಿಯತೊಡಗಿದರು.

ಹಸಿಂತಾ ಬುರುಡೆಯ ತಳದಲ್ಲಿ ಒಂದು ಬಾಯಷ್ಟು ಉಳಿಸಿಕೊಂಡಿದ್ದಳು. ಭೂಮಿತಾಯಿಯ ಪಾಲು. ಅದನ್ನು ನೆಲಕ್ಕೆ ಸುರಿಯತೊಡಗಿದಳು. ಆಮೇಲೆ, ಪೂರ್ತಿ ಸುರಿಯದೆ ಕೈ ತಡೆದು, ಒಂದು ಹೆಜ್ಜೆ ಮುಂದಿಟ್ಟು, ಉಳಿದ ಹನಿಗಳನ್ನು ಸೆನೋಬಿಯಾಳ ಪಾದದ ಪಕ್ಕದಲ್ಲಿ ಬೇರೆಯಾಗಿ ಬಗ್ಗಿಸಿದಳು.

"ಎರಡು ಸಲ ಯಾರಿಗೆ, ದೋನ್ಯಾ ಹಸಿಂತಾ?" ಎಂದು ತೆಯೋಫಿಲೊ ಅಲ್ಲಿಂದಲೇ ಕೇಳಿದರು.

"ಕೈ ನಡುಗಿತು. ವಯಸ್ಸಾಯ್ತಲ್ಲ," ಎಂದು ಹಸಿಂತಾ ಬುರುಡೆಯನ್ನು ಲಂಗಕ್ಕೆ ಒರೆಸಿ ಗಂಟಿಗೆ ಸೇರಿಸಿದಳು. ಸೆನೋಬಿಯಾಳ ಕಡೆ ನೋಡದೆ ತನ್ನ ಹಲಗೆಗೆ ಹೋಗಿ ಕುಳಿತು ಹಂದಿಮಾಂಸದ ತಟ್ಟೆ ಎಳೆದುಕೊಂಡಳು.

ನೆಲದ ಮೇಲೆ ಎರಡು ಒದ್ದೆ ಮಚ್ಚೆಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಸೆನೋಬಿಯಾ ಚಿಕ್ಕದರ ಮೇಲೆ ಯಾರ ಕಣ್ಣೂ ಬೀಳದ ಹಾಗೆ ಲಂಗದ ಅಂಚನ್ನು ಸರಿಸಿದಳು. ಯಾರೋ ಅವಳ ಹೆಸರು ಹಿಡಿದು ಕರೆದರು, ಬಾಗಿಲ ಕಡೆಯಿಂದ ಗಂಡನೂ ಕರೆದ. ಆ ನೆರಳೊಳಗೆ ಮಣ್ಣು ಆ ಒದ್ದೆಯನ್ನು ಅಂಚಿನಿಂದ ನಡುವಿಗೆ ಮೆಲ್ಲಗೆ ಹೀರಿಕೊಳ್ಳುತ್ತಿತ್ತು, ಅದು ಒಣಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.