ಕಲ್ಹಟ್ಟಿ ಘಾಟಿಯ ಹನ್ನೊಂದನೇ ತಿರುವು

"ಗೇರ್ ಹಾಕ್ಲಾ ಶಿವಸ್ವಾಮಿ! ಗೇರ್ ಹಾಕು ಅಂದೆ!"

"ಸುಮ್ಕೆ ಕೂತ್ಕಳಣ್ಣ. ಗಾಡಿ ತಾನೇ ಇಳೀತಾ ಅದ, ಗೇರ್ ಯಾಕೆ?"

"ತಾನೇ ಇಳೀತಾ ಇರೋದಕ್ಕೇ ಹೇಳ್ತಾ ಇರೋದು ಕಣ್ಲಾ! ನ್ಯೂಟ್ರಲ್‌ಗೆ ಬುಟ್ಕಂಡು ಈ ಘಾಟಿ ಇಳೀತಾರೇನ್ಲಾ?"

"ಡೀಸಲ್ ಏನು ನಿಮ್ಮ ಗ್ಯಾರೇಜಲ್ಲಿ ಉಕ್ತದಾ?"

"ನಿಲ್ಸ್ಲಾ ಗಾಡೀನ, ಬಡ್ಡೀಮಗನೆ!"

"ನನ್ನ ಮುಂದೇನೇ ಹಂಗಂತೀರಲ್ಲ ಸಾಬ್ರೆ," ಎಂದು ಹಿಂದಿನ ಸೀಟಿನಿಂದ ಶಿವಸ್ವಾಮಿಯ ತಾಯಿ ಸಣ್ಣತಾಯಮ್ಮ ಗದರಿದಳು. ಆಮೇಲೆ ಮಗನ ಭುಜಕ್ಕೆ ಗುದ್ದಿದಳು. "ನಿಲ್ಸ್ಲಾ, ಅವ್ರು ಏಳ್ತಾವ್ರಲ್ಲ."

ಮೂರು ಸಲ ತುಳಿದ ಮೇಲೆ ಬ್ರೇಕ್ ಹಿಡಿಯಿತು. ಸುಮೋ ಬೆಟ್ಟದ ಬದಿಯ ಚರಂಡಿಗೆ ಒಂದು ಚಕ್ರ ಇಳಿಸಿ ನಿಂತಿತು. ಹತ್ತು ಮಾರು ಮುಂದೆ ತಿರುವು, ಅದರಾಚೆ ಬರೀ ಗಾಳಿ. ಬಹಳ ಕೆಳಗೆ ಮಸಿನಗುಡಿಯ ಬಯಲು. ನಾನು ಕೈ ಚಾಚಿ ಕೀ ತಿರುಗಿಸಿ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡೆ. ಇಳಿದು, ದಪ್ಪ ಕಲ್ಲೊಂದನ್ನು ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟೆ. ಹಿಂದಿನ ಎರಡೂ ಚಕ್ರಗಳಿಂದ ಹೊಗೆ ಏಳುತ್ತಿತ್ತು.

ನಾನು ಹಿದಾಯತ್ ಉಲ್ಲಾ. ಗುಂಡ್ಲುಪೇಟೆಯಲ್ಲಿ ಇಪ್ಪತ್ತಾರು ವರ್ಷದಿಂದ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಬ್ರೇಕಿನ ಲೈನರ್ ಸುಟ್ಟ ವಾಸನೆ ನನಗೆ ಮೂರು ತಿರುವಿನ ಹಿಂದೆಯೇ ಬಡಿದಿತ್ತು. ಅವನು ಕರೆದುಕೊಂಡು ಬಂದಿದ್ದಾನೆ, ನಾವು ನೆಂಟರ ಹಾಗೆ ಬಂದಿದ್ದೇವೆ, ಹೇಗೆ ಬೈಯುವುದು ಅಂತ ಸುಮ್ಮನೆ ಕೂತಿದ್ದೆ. ಮೂರು ತಿರುವು ಸುಮ್ಮನಿದ್ದೆನಲ್ಲ, ಆ ದಿನ ನಾನು ಮಾಡಿದ ಮೊದಲನೇ ತಪ್ಪು ಅದು.

ಶಿವಸ್ವಾಮಿ ಭೀಮನಬೀಡಿನವನು. ಹತ್ತು ವರ್ಷ ಬೇರೆಯವರ ಟ್ರ್ಯಾಕ್ಟರ್ ಓಡಿಸಿದವನು, ಎರಡು ಸಾವಿರದ ನಾಲ್ಕರಲ್ಲಿ ಹಳೇ ಸುಮೋ ಒಂದನ್ನು ಕೊಂಡ. ಊಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ಗಾಡಿ ಮಾಡಬೇಕು ಅನ್ನುವುದು ಅವನ ಆಸೆ. ಮೈಸೂರಿಗೆ ಹೋಗಿ ಗಾಡಿ ಆರಿಸಿಕೊಟ್ಟವನು ನಾನು. ಇಂಜಿನ್ ಬಿಚ್ಚಿ ನೋಡಿ, ಬ್ರೇಕಿಗೆ ಹೊಸ ಲೈನರ್ ಹಾಕಿಕೊಟ್ಟವನೂ ನಾನೇ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ ದಿನ ಅವನು, "ಮೊದಲ್ನೇ ಟ್ರಿಪ್ಪು ನಿಮಗೇ ಕಣಣ್ಣ. ಅಕ್ಕನ್ನೂ ಮಗಳನ್ನೂ ಕರ್ಕೊಳಿ, ಊಟಿ ನೋಡ್ಕಂಡು ಬರನ," ಅಂದ. ನನ್ನ ಕಣ್ಣು ತುಂಬಿತ್ತು. ಇಷ್ಟು ವರ್ಷದಲ್ಲಿ ಹಾಗೆ ಯಾವ ಗಿರಾಕಿಯೂ ಕರೆದಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಹೊರಟೆವು. ನಾನು, ನನ್ನ ಹೆಂಡತಿ ಹಮೀದಾ, ಮಗಳು ಫರ್ಹೀನ್. ಅವನ ಕಡೆಯಿಂದ ಸಣ್ಣತಾಯಮ್ಮ ಮತ್ತು ಅವನ ಹೆಂಡತಿ ಶಿವರಂಜಿನಿ. ಬಂಡೀಪುರ ದಾಟಿ ಗೂಡಲೂರಿನ ಮೇಲೆ ಹತ್ತಿದೆವು. ಪೈಕಾರದಲ್ಲಿ ದೋಣಿ, ಊಟಿಯಲ್ಲಿ ಸಸ್ಯತೋಟ, ಆಮೇಲೆ ದೊಡ್ಡಬೆಟ್ಟ. ಸಸ್ಯತೋಟದ ಹುಲ್ಲುಹಾಸು ನೋಡಿ ಸಣ್ಣತಾಯಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತುಬಿಟ್ಟಳು. "ಇಷ್ಟೊಂದು ಹುಲ್ಲು ಬೆಳ್ದವ್ರೆ, ಒಂದು ಎಮ್ಮೆನಾದ್ರೂ ಕಟ್ಬಾರ್ದಾ?" ಅಂದಳು. ನನ್ನ ಹೆಂಡತಿ ನಕ್ಕು ನಕ್ಕು ಅಲ್ಲೇ ಕೂತಳು. ಬಿರಿಯಾನಿ ನಾವು ತಂದಿದ್ದೆವು, ಚಿತ್ರಾನ್ನ ಅವರು ತಂದಿದ್ದರು. ಮಧ್ಯಾಹ್ನ ಕೆರೆಯ ಏರಿಯ ಮೇಲೆ ಕೂತು ತಿಂದೆವು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ವಾಪಸು ಬರುವಾಗ ಶಿವಸ್ವಾಮಿಗೆ ಅವಸರ. ಅವನ ಹೆಂಡತಿ ಉಮ್ಮತ್ತೂರಿನವಳು, ಆನೆ ನೋಡಿಲ್ಲ. ಬೆಳಕಿರುವಾಗಲೇ ಬಂಡೀಪುರ ಮುಟ್ಟಿ ರಸ್ತೆ ಬದಿಯ ಆನೆ ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದ. "ಆನೆ ನೋಡಕ್ಕೆ ಇಷ್ಟು ದೂರ ಬರ್ಬೇಕಾ? ನಮ್ಮ ಹೊಲಕ್ಕೇ ಬತ್ತವಲ್ಲ, ಬೇಕಾದ್ರೆ ಬೇಲಿ ತಾವ ನಿಲ್ಲು," ಅಂತ ಸಣ್ಣತಾಯಮ್ಮ ಸೊಸೆಗೆ ಹೇಳಿದಳು. ಅವನು ಕೇಳಲಿಲ್ಲ. ಗೂಡಲೂರಿನ ದಾರಿ ಸುತ್ತು ಅಂತ ಕಲ್ಹಟ್ಟಿ ಘಾಟಿಗೆ ತಿರುಗಿಸಿದ. ಮೂವತ್ತಾರು ತಿರುವು. ಹತ್ತುವಾಗ ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಸಬೇಕು. ಗಾಡಿಯನ್ನು ಹಿಡಿದುಕೊಳ್ಳಬೇಕಾದದ್ದು ಇಂಜಿನ್ನು, ಬ್ರೇಕಲ್ಲ. ಇದು ತಿಳಿಯದವನು ಆ ದಾರಿಗೆ ಬರಬಾರದು. ಶಿವಸ್ವಾಮಿಯದು ಟ್ರ್ಯಾಕ್ಟರಿನ ಕೈ. ಇಳಿಜಾರು ಕಂಡ ಕೂಡಲೇ ಡೀಸಲ್ ಉಳಿಸಲು ಆ ಕೈ ನ್ಯೂಟ್ರಲ್ಲಿಗೆ ಎಳೆಯುತ್ತದೆ.

ಹನ್ನೊಂದನೇ ತಿರುವಿಗೆ ನಾವು ನಿಂತದ್ದು ಹೀಗೆ.

ಎಲ್ಲರನ್ನೂ ಇಳಿಸಿದೆ. ಹೆಂಗಸರು ರಸ್ತೆಯ ಅಂಚಿನ ಮೋಟುಗೋಡೆಯ ಹತ್ತಿರ ಹೋಗಿ ನಿಂತರು. ಎಲ್ಲೋ ಕಾಡಿನೊಳಗೆ ನೀರು ಬೀಳುವ ಸದ್ದು. ಶಿವಸ್ವಾಮಿ ಹಿಂದಿನ ಬಾಗಿಲು ತೆಗೆದು ನೀರಿನ ಕ್ಯಾನ್ ಎತ್ತಿಕೊಂಡು ಬಂದ. ಚಕ್ರಕ್ಕೆ ಸುರಿಯುವುದರಲ್ಲಿದ್ದ.

"ಉಯ್ಬ್ಯಾಡ!" ಅಂತ ಕ್ಯಾನ್ ಹಿಡಿದುಕೊಂಡೆ. "ಕಾದಿರೋ ಬ್ರೇಕ್ ಡ್ರಮ್ಮಿಗೆ ತಣ್ಣೀರು ಬಿದ್ರೆ ಬಿರುಕು ಬುಡ್ತದ. ತಾನೇ ಆರ್ಲಿ."

"ಎಷ್ಟೊತ್ತು?"

"ಒಂದು ಗಂಟೆ."

"ಒಂದು ಗಂಟೆನಾ? ಆಗ್ಲೇ ನಾಲ್ಕಾಯ್ತು!"

"ಐದಾಗ್ಲಿ, ಆರಾಗ್ಲಿ. ಕೂತ್ಕ."

ಅವನು ಕ್ಯಾನ್ ಕೆಳಗೆ ಎಸೆದ. ನೀರು ಟಾರಿನ ಮೇಲೆ ಹರಿಯಿತು. "ಇಷ್ಟೊಂದು ಹೊಗೆ ಬರಕ್ಕೆ ನನ್ನ ಡ್ರೈವಿಂಗ್ ಕಾರಣ ಅಲ್ಲ ಕಣಣ್ಣ. ಎಂಟು ದಿನದ ಹಿಂದೆ ನೀವೇ ತಾನೇ ಲೈನರ್ ಹಾಕ್ದೋರು? ಯಾವ ಗುಜರಿ ಮಾಲು ಹಾಕಿದ್ರೋ! ಸ್ನೇಹ ಅಂತ ನಂಬ್ಕಂಡು ಗಾಡಿ ಬುಟ್ಟೆ ನೋಡಿ, ನನ್ನ ಕೆರ ತಕ್ಕಂಡು ನಾನೇ ಹೊಡ್ಕೋಬೇಕು."

ನನ್ನ ಕೈ ಯಾವಾಗ ಎದ್ದಿತೋ ತಿಳಿಯದು. ಅವನ ಕೆನ್ನೆಗೆ ಬಿತ್ತು. ಆ ಸದ್ದಿಗೆ ಗೋಡೆಯ ಮೇಲಿದ್ದ ಎರಡು ಮಂಗಗಳು ಕಾಡಿಗೆ ಹಾರಿದವು.

ಶಿವರಂಜಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಬ್ಬಾ!" ಅಂತ ಫರ್ಹೀನ್ ಕೂಗಿದಳು. ಹಮೀದಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು, ಉರ್ದುವಿನಲ್ಲಿ ಮೆಲ್ಲಗೆ, ಅವನ ತಾಯಿಯ ಎದುರಿಗೆ ಹೊಡೆದಿರಲ್ಲ, ನಿಮಗೆ ನಾಚಿಕೆ ಇಲ್ಲವಾ ಅಂದಳು. ಇತ್ತು. ಆದರೆ ನನ್ನ ಕೆಲಸವನ್ನು ಗುಜರಿ ಅಂದ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಒಂದು ಗಂಟೆ ಕಾದೆವು. ಶಿವಸ್ವಾಮಿ ನಮಗೆ ಬೆನ್ನು ಹಾಕಿ ದೂರದ ಕಲ್ಲಿನ ಮೇಲೆ ಕೂತಿದ್ದ. ಸಣ್ಣತಾಯಮ್ಮ ಚೀಲ ಬಿಚ್ಚಿ ಕಡ್ಲೆಪುರಿ ತೆಗೆದು ಎಲ್ಲರಿಗೂ ಹಂಚಿದಳು. ನನ್ನ ಕೈಗೂ ಒಂದು ಹಿಡಿ ಹಾಕಿದಳು, ಮುಖ ಮಾತ್ರ ನೋಡಲಿಲ್ಲ. ಫರ್ಹೀನ್‌ಳ ಕ್ಯಾಮರಾದ ರೋಲಿನಲ್ಲಿ ನಾಲ್ಕು ಫೋಟೋ ಉಳಿದಿದ್ದವು. ಕೆಳಗಿನ ಬಯಲಿನ ಮೇಲೆ ಮೋಡದ ನೆರಳು ಓಡುವುದನ್ನು ತೆಗೆದಳು. ಮೇಲಿನಿಂದ ಗಾಡಿಗಳು ಬರುತ್ತಿದ್ದವು. ಇಂಜಿನ್ ಗೊರಗುಟ್ಟುತ್ತಾ, ಎತ್ತು ನಡೆಯುವಷ್ಟು ನಿಧಾನಕ್ಕೆ ಇಳಿಯುತ್ತಿದ್ದವು. ಕ್ಯಾರೆಟ್ ತುಂಬಿದ ಲಾರಿಯೂ ಹಾಗೇ ಇಳಿಯಿತು. ನೋಡ್ಲಾ, ಕೇಳಿಸ್ಕೊ ಅಂತ ಕೂಗಬೇಕು ಅನ್ನಿಸಿತು. ತಡೆದುಕೊಂಡೆ.

ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಬಿಸಿ ಇಳಿದಿತ್ತು. ಶಿವಸ್ವಾಮಿ ಎದ್ದು ಬಂದ.

"ಕೀ ಕೊಡಿ ಸಾಬ್ರೆ."

ಬೆಳಗಿನಿಂದ ಅಣ್ಣ ಅನ್ನುತ್ತಿದ್ದವನು ಸಾಬ್ರೆ ಅಂದ. ಅದು ಸರಿಯಾಗಿ ನಾಟಿತು.

"ಹೊಡ್ದದ್ದು ತಪ್ಪು ಕಣ್ಲಾ," ಅಂದೆ. "ನಿಮ್ಮವ್ವನ ಮುಂದೆ, ಹೆಂಡ್ತಿ ಮುಂದೆ ಕೈ ಮಾಡ್ಬುಟ್ಟೆ. ನಂದೇ ತಪ್ಪು. ಅವ್ರ ಮುಂದೇನೇ ಏಳ್ತಾ ಇವ್ನಿ, ಕ್ಷಮ್ಸು."

ನನ್ನ ಬಾಯಿಂದ ಆ ಮಾತು ಬಂದದ್ದು ಕೇಳಿ ಹಮೀದಾಳೇ ಬೆರಗಾದಳು. ಇಪ್ಪತ್ತು ವರ್ಷದಲ್ಲಿ ಅವಳಿಗೇ ಒಮ್ಮೆಯೂ ಹೇಳಿರಲಿಲ್ಲ.

ಶಿವಸ್ವಾಮಿ ಕೈ ಚಾಚಿದ. "ಸರಿ, ಆಯ್ತು. ಈಗ ಕೀ ಕೊಡಿ. ಫಸ್ಟ್ ಗೇರಲ್ಲೇ ಇಳಿಸ್ತೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಎರಡು ತಿರುವು ಖಂಡಿತ ಹಾಗೇ ಇಳಿಸುತ್ತಿದ್ದ. ಮೂರನೆಯದರಲ್ಲಿ ಮಾತಾಡುತ್ತಾ ಮಾತಾಡುತ್ತಾ ಕೈ ತಾನೇ ಹೋಗುತ್ತಿತ್ತು. ಪೈಕಾರದಿಂದ ಊಟಿಗೆ ಬರುವಾಗ ಸಣ್ಣ ಇಳಿಜಾರಿನಲ್ಲೂ ಅದನ್ನು ನಾನು ನೋಡಿದ್ದೆ. ಅವನಿಗೇ ಅದು ಗೊತ್ತಾಗುತ್ತಿರಲಿಲ್ಲ. ಕಾದು ಆರಿದ ಲೈನರು ಇನ್ನೊಂದು ಸಲ ಹಾಗೆ ತಡೆಯುವುದಿಲ್ಲ. ಇದು ಬಿಟ್ಟು ಇನ್ನೂ ಇಪ್ಪತ್ತೈದು ತಿರುವು. ಗಾಡಿಯಲ್ಲಿ ನಾಲ್ಕು ಜನ ಹೆಂಗಸರು.

"ಕೊಡಲ್ಲ," ಅಂದೆ.

"ಗಾಡಿ ಯಾರ್ದು?"

"ನಿಂದು."

"ಆರ್‌ಸಿ ಯಾರ ಹೆಸರಲ್ಲಿ ಅದ?"

"ನಿನ್ನ ಹೆಸರಲ್ಲೇ ಅದ. ಕೆಳಗೆ ಬಯಲು ಸಿಕ್ಕಿದ ಮೇಲೆ ಕೀ ನಿನ್ನ ಕೈಗೇ ಕೊಡ್ತೀನಿ. ಅಲ್ಲಿಗಂಟ ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತ್ಕಂಡು ನೋಡು."

"ಊರಿಗೆ ಹೋಗಿ ಏನಂತ ಏಳ್ತೀರಿ? ಶಿವಸ್ವಾಮಿಗೆ ಓಡ್ಸಕ್ಕೆ ಬರ್ನಿಲ್ಲ, ನಾನೇ ಇಳಿಸ್ಕಂಡು ಬಂದೆ ಅಂತನಾ? ಆಮೇಲೆ ಯಾವ ಪಾರ್ಟಿ ನನ್ನ ಗಾಡಿ ಹತ್ತದು?"

"ನಾನು ಯಾರಿಗೂ ಏಳಲ್ಲ."

"ನೀವು ಏಳ್ದಿದ್ರೆ ಬುಡಿ, ಇವ್ರೆಲ್ಲ ನೋಡ್ತಾವ್ರಲ್ಲ!" ಅವನು ಹೆಂಡತಿಯ ಕಡೆ ತಿರುಗಿದ. "ಏ ರಂಜಿನಿ, ನೀನು ಏಳಮ್ಮಿ. ಗಾಡಿ ಯಾರು ಓಡಿಸ್ಬೇಕು?"

ಶಿವರಂಜಿನಿ ನನ್ನನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. "ಕೆಳಗಡೆ ಹೋಗ್ಬೇಕು, ಅಷ್ಟೇಯ. ಯಾರಾದ್ರೂ ಸರಿ, ನೆಟ್ಟಗೆ ಇಳಿಸಿ," ಅಂದಳು.

"ಸಾಬ್ರೇ ಇಳಿಸ್ಲಿ ಬುಡ್ಲಾ," ಅಂದಳು ಸಣ್ಣತಾಯಮ್ಮ. "ಹೊಡ್ಸ್ಕಂಡಿದ್ದಾಯ್ತು, ಅವ್ರು ತಪ್ಪಾಯ್ತು ಅಂದಿದ್ದೂ ಆಯ್ತು. ಕೂತ್ಕ ಬಾ. ನಿಮ್ಮಪ್ಪನ ಥರ ಗರ ಬಡ್ದೋನಂಗೆ ಆಡ್ಬ್ಯಾಡ."

ಅವನು ತಾಯಿಯನ್ನು ನೋಡಿದ. ಆಮೇಲೆ ಸುಮೋವನ್ನು ನೋಡಿದ. ಬಾನೆಟ್ಟಿನ ಮೇಲೆ ಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು.

"ನನ್ನ ಗಾಡೀಲಿ ನಾನು ಪಕ್ಕದಲ್ಲಿ ಕೂರ್ಬೇಕಾ?" ಅಂದ. ಕೂಗಾಡಲಿಲ್ಲ, ಮೆಲ್ಲಗೇ ಅಂದ. "ಕೂರಲ್ಲ."

ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಇಳಿಜಾರಿನ ರಸ್ತೆಯಲ್ಲಿ ನಡೆದ.

"ಎತ್ತಗ್ಲಾ?" ಅಂತ ತಾಯಿ ಕೂಗಿದಳು. "ಕಾಡು ಕಣ್ಲಾ ಅದು! ಬಾರ್ಲಾ!"

ಹಮೀದಾ ನನ್ನನ್ನು ನೋಡಿದಳು. ಕರೆಯಿರಿ ಅನ್ನುವ ನೋಟ ಅದು. ನಾನು ಕರೆದರೆ ಅವನು ನಿಲ್ಲುತ್ತಿದ್ದ, ನಿಂತು ಕೈ ಚಾಚುತ್ತಿದ್ದ, ನಾನು ಕೀ ಕೊಡಬೇಕಾಗುತ್ತಿತ್ತು. ಕರೆಯಲಿಲ್ಲ. ಅವನು ತಿರುವಿನಲ್ಲಿ ಮರೆಯಾದ.

ಎಲ್ಲರನ್ನೂ ಹತ್ತಿಸಿದೆ. ಕಲ್ಲು ತೆಗೆದೆ. ಫಸ್ಟ್ ಗೇರಿಗೆ ಹಾಕಿ ಬಿಟ್ಟೆ. ಇಂಜಿನ್ ಕಿರುಚುತ್ತಿತ್ತು, ಗಾಡಿ ಮಾತ್ರ ಹೇಳಿದ ಮಾತು ಕೇಳಿಕೊಂಡು ಇಳಿಯಿತು. ಮುಂದಿನ ತಿರುವಿನಲ್ಲಿ ಇರುತ್ತಾನೆ ಅಂದುಕೊಂಡೆವು. ಅಲ್ಲಿ ಇರಲಿಲ್ಲ. ಅಡ್ಡ ಹಾದಿ ಹಿಡಿದು ಇಳಿದಿರಬೇಕು, ಅದರ ಮುಂದಿನದರಲ್ಲಿ ಸಿಗುತ್ತಾನೆ ಅಂದಳು ಸಣ್ಣತಾಯಮ್ಮ. ಪ್ರತಿ ತಿರುವಿನಲ್ಲೂ ಹಾರನ್ ಒತ್ತಿದೆ. ಶಿವರಂಜಿನಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡುತ್ತಲೇ ಇದ್ದಳು. ಎಲ್ಲೂ ಜೋರಾಗಿ ಬ್ರೇಕ್ ತುಳಿಯಲಿಲ್ಲ. ಇಪ್ಪತ್ತೈದು ತಿರುವು ಇಳಿಯಲು ಮುಕ್ಕಾಲು ಗಂಟೆ ಆಯಿತು.

ಘಾಟಿಯ ಬುಡದ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ಕೇಳಿದೆ. ಹೆಗಲಿಗೆ ಟವೆಲ್ ಹಾಕಿದ್ದ ಒಬ್ಬ ಲಾರಿಯೊಂದರ ಮೇಲೆ ಕೂತು ಹೋದ, ಕಾಲು ಗಂಟೆ ಆಯಿತು ಅಂತ ಅಲ್ಲಿದ್ದವನು ತಮಿಳಿನಲ್ಲಿ ಹೇಳಿದ. ಮಸಿನಗುಡಿಯಲ್ಲಿ ಇಳಿದಿರಬಹುದು ಅಂತ ಅಲ್ಲಿನ ಟೀ ಅಂಗಡಿಗಳನ್ನೆಲ್ಲ ಹುಡುಕಿದೆ. ರಸ್ತೆ ಬದಿಗೆ ಸುಮೋ ನಿಲ್ಲಿಸಿ ಕೀ ಕೈಯಲ್ಲಿ ಹಿಡಿದುಕೊಂಡು ನಿಂತೆ. ಬಯಲು ಸಿಕ್ಕಿದ ಮೇಲೆ ಅವನ ಕೈಗೇ ಕೊಡುತ್ತೇನೆ ಅಂದಿದ್ದೆನಲ್ಲ, ಆ ಮಾತು ತಪ್ಪಬಾರದು. ಇಪ್ಪತ್ತು ನಿಮಿಷ ನಿಂತೆ.

"ಹತ್ತಿ ಸಾಬ್ರೆ," ಅಂದಳು ಸಣ್ಣತಾಯಮ್ಮ ಕಿಟಕಿಯಿಂದ. "ಅವ್ನು ಬರಲ್ಲ."

ಅವನು ಬರಲಿಲ್ಲ.