ಎಡಗಡೆಯ ಎರಡು ಚಕ್ರ

ಟೈರು ಆರಿಸುವುದು ಇಷ್ಟು ಸುಸ್ತಿನ ಕೆಲಸವೆಂದು ಹಯಗ್ರೀವ ರಾಯರಿಗೆ ಯಾರೂ ಹೇಳಿರಲಿಲ್ಲ. ಹಲಸೂರಿನಲ್ಲಿ ಎರಡು ಅಂಗಡಿ ಆಯಿತು. ಇಂದಿರಾನಗರದಲ್ಲಿ ಕಾಫಿ ಕೊಟ್ಟು ಸೋಫಾದಲ್ಲಿ ಕೂರಿಸುವ ಒಂದು ಶೋರೂಮೂ ಆಯಿತು. ಈಗ ಶಿವಾಜಿನಗರದಲ್ಲಿ ಅಬ್ರಾರ್‌ನ ಅಂಗಡಿ. ಎಲ್ಲರೂ ಕೇಳುವುದು ಅದನ್ನೇ. ರಿಮ್ ಹದಿನೇಳು ಇಂಚಾ, ಹತ್ತೊಂಬತ್ತಾ? ನೋಡೋಕೆ ಚೆನ್ನಾಗಿರಬೇಕಾ, ಬಾಳಿಕೆ ಬರಬೇಕಾ? ಕೊನೆಗೆ ತಪ್ಪದೆ, "ಇನ್ನೆಷ್ಟು ವರ್ಷ ಓಡಿಸ್ತೀರಾ ಸಾರ್?"

ಈ ಕೊನೆಯ ಪ್ರಶ್ನೆಗೆ ರಾಯರ ಬಳಿ ಉತ್ತರವಿತ್ತು, ಹೇಳುವ ಧೈರ್ಯವಿರಲಿಲ್ಲ. ಆರು ತಿಂಗಳ ಹಿಂದೆ ಕಾಕ್ಸ್ ಟೌನಿನ ಡಾಕ್ಟರು ಸ್ಕ್ಯಾನ್ ತೆಗೆಸಿ ನೋಡಿ, ತಲೆಯಲ್ಲಿ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿದೆ, ಎಡಬದಿಯ ನೋಟ ಮಂಕಾಗಿದೆ, ಇನ್ನು ಕಾರು ಮುಟ್ಟಬೇಡಿ ಎಂದು ಬರೆದುಕೊಟ್ಟಿದ್ದರು. ರಾಯರು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಹಳೆಯ ಆಫೀಸು ಬ್ಯಾಗಿನ ತಳಕ್ಕೆ ಹಾಕಿದರು. ಹೆಂಡತಿಗೂ ಹೇಳಲಿಲ್ಲ.

ಅವರನ್ನು ಬೈಯುವ ಮುಂಚೆ ಒಂದು ಮಾತು. ಈ ಮನುಷ್ಯ ಮೂವತ್ತನಾಲ್ಕು ವರ್ಷ ವಿಮಾ ಕಂಪನಿಯಲ್ಲಿ ಅಪಘಾತವಾದ ವಾಹನಗಳನ್ನು ನೋಡಿ ವರದಿ ಬರೆದವರು. ಊರಿನ ದೊಡ್ಡ ದೊಡ್ಡ ಕಾರುಗಳನ್ನೆಲ್ಲ ಮುಟ್ಟಿದ್ದರು, ಆದರೆ ಜಜ್ಜಿಹೋದ ಜಾಗದಲ್ಲಿ ಮಾತ್ರ. ನಿವೃತ್ತಿಯಾದ ಮೇಲೆ, ಮನೆಯವರೆಲ್ಲ ಬೇಡವೆಂದರೂ, ಸೆಕೆಂಡ್ ಹ್ಯಾಂಡಿನಲ್ಲಿ ಈ ಕಪ್ಪು ಜರ್ಮನ್ ಕಾರು ಕೊಂಡರು. ಜೀವನ್‌ಬಿಮಾ ನಗರದ ಅವರ ಕಾಲೋನಿಯ ಗೇಟಿನಲ್ಲಿ ವಾಚ್‌ಮನ್ ಎದ್ದು ನಿಲ್ಲುತ್ತಿದ್ದ. ಆ ಅರ್ಧ ನಿಮಿಷದ ಮರ್ಯಾದೆಗೆ ಮನುಷ್ಯ ಏನೆಲ್ಲ ಮುಚ್ಚಿಡುತ್ತಾನೆ!

ಹೆಂಡತಿ ಸುಬ್ಬಲಕ್ಷ್ಮಿ ಅಂಗಡಿಯ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದರು. ಕಾರು ನಿಂತ ಮೇಲೆಯೇ ಆಕೆಯ ಬಾಯಿಗೆ ಬಿಡುವು. ಮುಂಚೆ ಹೀಗಿರಲಿಲ್ಲ. ಈಚೆಗೆ ಕೆಲವು ತಿಂಗಳಿಂದ, ಹತ್ತಿದ ಕ್ಷಣದಿಂದ ಶುರು. "ಅಲ್ನೋಡ್ರೀ, ಹೂವಿನವಳು." "ಅಯ್ಯೋ, ಆ ಆಟೋ ಹಿಂದೆ ಏನ್ ಬರೆಸಿದಾನೆ ನೋಡಿ." "ಬಲೂನಿನವನು ರೋಡಲ್ಲೇ ನಿಂತಿದಾನಲ್ರೀ." ರಾಯರಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಇವತ್ತು ಬರುವಾಗ "ಸ್ವಲ್ಪ ಸುಮ್ನಿರೇ ಮಾರಾಯ್ತಿ" ಎಂದು ಗದರಿಯೂ ಇದ್ದರು. ಆಕೆ ಸುಮ್ಮನಾಗಲಿಲ್ಲ.

ಅಬ್ರಾರ್ ಜಾಕ್ ಹಾಕಿ ನಾಲ್ಕೂ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ. ಕುಕ್ಕರಗಾಲಲ್ಲಿ ಕೂತು ಒಂದೊಂದರ ಅಂಚಿನ ಮೇಲೂ ಹೆಬ್ಬೆರಳು ಆಡಿಸಿದ.

"ಬಲಗಡೆ ಎರಡೂ ಹೊಸದರ ಥರ ಇದೆ ಸಾರ್. ಎಡಗಡೆದು ಎರಡೂ ಉಜ್ಜಿಹೋಗಿದೆ, ಟೈರು ಪಕ್ಕದಲ್ಲಿ ಉಬ್ಬಿದೆ. ಏನಾಯ್ತು?"

"ಗುಂಡಿ ಕಣಯ್ಯಾ. ಕೆ.ಆರ್. ಪುರದ ಹತ್ರ. ಆಟೋದವನೊಬ್ಬ ಅಡ್ಡ ಬಂದ."

ಹೇಳಿ ಮುಗಿಸುವಷ್ಟರಲ್ಲೇ ರಾಯರಿಗೆ ನಾಚಿಕೆಯಾಯಿತು. ಆಟೋ ಅಡ್ಡ ಬಂತು ಎಂಬ ಈ ಒಂದೇ ಮಾತನ್ನು ಸಾವಿರ ಜನರ ಬಾಯಲ್ಲಿ ಕೇಳಿದ್ದರು. ಪ್ರತಿ ಸಲವೂ ಒಳಗೊಳಗೇ ನಕ್ಕು, ಹೇಳಿಕೆ ನಂಬುವಂತಿಲ್ಲ ಎಂದು ಬರೆದು ಸಹಿ ಹಾಕಿದ್ದರು.

"ಗುಂಡಿ ಆದ್ರೆ ರಿಮ್ ಬಗ್ಗುತ್ತೆ ಸಾರ್," ಅಬ್ರಾರ್ ತಲೆ ಎತ್ತಲಿಲ್ಲ. "ಇದು ಫುಟ್‌ಪಾತ್ ಅಂಚು. ಒಂದ್ಸಲ ಅಲ್ಲ, ಏಳೆಂಟು ಸಲ." ಎದ್ದು, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ದನಿ ತಗ್ಗಿಸಿದ. "ತಪ್ಪು ತಿಳ್ಕೋಬೇಡಿ. ಈ ಕಡೆ ಅಮ್ಮ ಅಲ್ವಾ ಕೂತ್ಕೊಳ್ಳೋದು?"

ಆರು ತಿಂಗಳು ರಾಯರು ಯೋಚಿಸಿದ್ದು ಕೀಲಿಯ ಬಗ್ಗೆ, ಕಾರಿನ ಬಗ್ಗೆ, ಗೇಟಿನ ಬಗ್ಗೆ. ಆ ಪಕ್ಕದಲ್ಲಿ ಯಾರು ಕೂತಿರುತ್ತಾರೆ ಎಂಬುದು ಒಂದು ದಿನವೂ ಹೊಳೆದಿರಲಿಲ್ಲ. ಹೋಗಿ ಹೆಂಡತಿಯ ಪಕ್ಕ, ಹಳೆಯ ಟೈರುಗಳ ಅಟ್ಟಿಯ ಮೇಲೆ ಕೂತರು.

"ಸುಬ್ಬು, ನನಗೆ ಎಡಗಡೆ ಸರಿಯಾಗಿ ಕಾಣ್ಸಲ್ಲ."

"ಗೊತ್ತು."

"ಯಾವಾಗಿಂದ?"

"ಯುಗಾದಿ ಊಟದಿಂದ. ಎಲೆಯ ಎಡಗಡೆ ಬಡಿಸಿದ್ದೆಲ್ಲ ಹಾಗೇ ಬಿಟ್ಟು ಎದ್ರಿ. ಕೋಸಂಬರಿ ಬಿಡೋರಾ ನೀವು?"

"ಮತ್ತೆ ಹೇಳ್ಬಾರ್ದಿತ್ತಾ? ಗೊತ್ತಿದ್ದೂ ಯಾಕೆ ದಿನಾ ಜೊತೇಲಿ ಬರ್ತಿದ್ದೆ?"

ಸುಬ್ಬಲಕ್ಷ್ಮಿ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. ಆಕೆಯೂ ತುಂಬಾ ದಣಿದಿದ್ದರು. "ಹೇಳಿದ್ರೆ ಜಗಳ ಆಡಿ ಒಬ್ರೇ ಹೋಗ್ತಿದ್ರಿ. ಆಮೇಲೆ ಹೂವಿನವಳು ಬಂದ್ಲು, ಆಟೋ ಬಂತು ಅಂತ ಯಾರ್ರೀ ಹೇಳೋರು?"

ಹೂವಿನವಳು, ಆಟೋ, ಬಲೂನಿನವನು. ಎಲ್ಲರೂ ಎಡಗಡೆಯವರೇ. ರಾಯರು ಜನ ಓಡಾಡುವ ಬೀದಿ ಎಂಬುದನ್ನೂ ನೋಡದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಯಾವ್ದು ಹಾಕ್ಲಿ ಸಾರ್?" ಅಬ್ರಾರ್ ಕೂಗಿದ.

"ಅಮ್ಮನ್ನ ಕೇಳಪ್ಪ. ಓಡಿಸೋದು ಅವರು."

ಸುಬ್ಬಲಕ್ಷ್ಮಿ ದೂರವಾಣಿನಗರದ ಕಾರ್ಖಾನೆಗೆ ಹನ್ನೆರಡು ವರ್ಷ ಮಾರುತಿ ಓಡಿಸಿಕೊಂಡು ಹೋಗಿ ಬಂದವರು. ಈ ಕಾರು ಬಂದಾಗ ಮಾತ್ರ, ಇದು ನಿನ್ನ ಕೈಗೆ ಬಗ್ಗುವ ಗಾಡಿಯಲ್ಲ ಎಂದು ಗಂಡ ಕೀಲಿ ಕೊಟ್ಟಿರಲಿಲ್ಲ. ಆಕೆ ಎದ್ದು ಹೋಗಿ, ಹೊಳೆಯುವ ಹತ್ತೊಂಬತ್ತರ ಕಡೆ ಕಣ್ಣೂ ಹಾಯಿಸದೆ, "ಹದಿನೇಳು ಹಾಕಪ್ಪ. ಟೈರು ದಪ್ಪಗಿರ್ಲಿ, ಸೊಂಟ ನೋವು ನಂಗೆ" ಎಂದರು. ಅಂಗಡಿ ಅಂಗಡಿ ಸುತ್ತಿದ ಮೂರು ದಿನದ ತಲೆನೋವು ಒಂದು ನಿಮಿಷದಲ್ಲಿ ಮುಗಿಯಿತು.

ಹೊರಟಾಗ ರಾಯರು ಎಡಗಡೆ ಸೀಟಿನಲ್ಲಿ ಕೂತು ಬೆಲ್ಟಿಗಾಗಿ ತಡಕಾಡಿದರು. ಪಕ್ಕದಲ್ಲೇ ಇದ್ದರೂ ಕಾಣಲಿಲ್ಲ. ಸುಬ್ಬಲಕ್ಷ್ಮಿ ಬಗ್ಗಿ ಎಳೆದು ಸಿಕ್ಕಿಸಿದರು. ಕಾರು ನಿಧಾನವಾಗಿ ಹಲಸೂರಿನ ಕಡೆ ಹೊರಟಿತು. ಆಕೆ ಒಂದು ಮಾತೂ ಆಡಲಿಲ್ಲ. ರಸ್ತೆ ನೋಡುತ್ತಿದ್ದರು, ಅಷ್ಟೆ.

ಮಾರ್ಕೆಟ್ ಹತ್ತಿರ ಬಂದಾಗ ರಾಯರು ಮೆಲ್ಲನೆ ಕೇಳಿದರು. "ಹೂವಿನವಳು ಇದಾಳೇನೇ?"

"ಇದಾಳೆ. ನಿಮ್ಮ ಪಕ್ಕದಲ್ಲೇ."

"ನಿಲ್ಸು. ಎರಡು ಮೊಳ ತಗೋಳೋಣ."