ನೈರೋಬಿಯಿಂದ ಕಂಪಾಲಾ ಒಂದು ತಾಸು

ಗಂಡನ ಸಮಾಧಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನೆಲೋಗಿಯ ಭಾಗ್ಯಾ, ಮಾವ ಬೀರಲಿಂಗಪ್ಪನನ್ನು ಕರೆದುಕೊಂಡು ಜೇವರ್ಗಿಯ ಟಿಕೆಟ್ ಆಫೀಸಿಗೆ ಬಂದಿದ್ದಳು. ಬೋರ್‌ವೆಲ್ ಗಾಡಿಯ ಜೊತೆ ಆಫ್ರಿಕಾಕ್ಕೆ ಹೋಗಿದ್ದ ಗುರುಲಿಂಗನನ್ನು ಕಂಪಾಲಾದಲ್ಲಿ ಯಾರೋ ಬೆಳ್ಳಂಬೆಳಿಗ್ಗೆ ತಲೆ ಒಡೆದು ಕೊಂದು ಎರಡು ವರ್ಷವಾಗಿತ್ತು. ಜೊತೆಗಾರ ಗುರುಶಾಂತನೇ ಅವನೊಡನೆ ಹೊಡೆದಾಡುತ್ತಿದ್ದನೆಂದು ಅಲ್ಲಿನ ಕೂಲಿಯೊಬ್ಬ ಫೋನಿನಲ್ಲಿ ಹೇಳಿದ್ದ. ಆದರೆ ಕೊಲೆಯಾದ ದಿನವೇ ಸಂಜೆ ಗುರುಶಾಂತ ನೈರೋಬಿಯ ಪೇಟೆಯಲ್ಲಿ ನಿಂತು ಅವಳಿಗೆ ವಿಡಿಯೊ ಕಾಲ್ ಮಾಡಿ ಅತ್ತಿದ್ದ. 'ಎರಡು ದಿನದ ಹಾದಿ ವೈನಿ. ಮುಂಜಾನಿ ಅಲ್ಲಿದ್ದಾಂವ ಸಂಜಿಕ ಇಲ್ಲಿ ಹೆಂಗ ಇರ್ತೇನಿ?' ಊರು ನಂಬಿತ್ತು. ಅವಳೂ ನಂಬಿದ್ದಳು.

ಟಿಕೆಟ್ ಆಫೀಸಿನ ಅಖ್ತರಬೇಗಂ ಕಂಪ್ಯೂಟರ್ ನೋಡುತ್ತ ಹೇಳಿದಳು: "ಮುಂಬೈನಿಂದ ನೈರೋಬಿ. ಅಲ್ಲಿ ವಿಮಾನ ಬದಲಿ ಮಾಡಬೇಕು. ಮುಂದ ಕಂಪಾಲಾ ಬರೇ ಒಂದ್ ತಾಸಿನ ಮ್ಯಾಲ ಹತ್ತು ನಿಮಿಷ."

"ಎರಡು ದಿನ ಅಲ್ಲೇನ್ರಿ?"

"ಯಾರ್ ಹೇಳಿದ್ರಬೇ ನಿನಗ? ಐದುನೂರು ಕಿಲೋಮೀಟರ್ ಚಿಲ್ಲರ. ದಿನಾ ವಿಮಾನ ಅದಾವ."

ಭಾಗ್ಯಾಳಿಗೆ ಆ ಸಂಜೆಯ ವಿಡಿಯೊ ಕಾಲ್ ನೆನಪಾಯಿತು. ಎದ್ದವಳೇ ನೇರ ಆ ಸಾವಿನ ನಂತರ ಮರಳಿಬಂದ ಗುರುಶಾಂತ ಅದೇ ಪೇಟೆಯಲ್ಲಿ ಇಟ್ಟಿದ್ದ ಮೋಟರ್ ರಿಪೇರಿ ಅಂಗಡಿಗೆ ನಡೆದಳು. ಮುದುಕ ಏದುಸಿರು ಬಿಡುತ್ತ ಹಿಂದೆ ಬಂದ.

ಗುರುಶಾಂತ ಒಬ್ಬನೇ ಇದ್ದ. "ಬರ್ರಿ ವೈನಿ," ಎಂದ.

"ನೈರೋಬಿ ಕಂಪಾಲಾಕ ಒಂದು ತಾಸಂತ. ಮುಂಜಾನಿ ಅಲ್ಲಿದ್ದು ಸಂಜಿಕ ನೈರೋಬಿಗೆ ನೀ ವಿಮಾನದಾಗ ಹೋಗಿದ್ದಿ, ಹೌದಿಲ್ಲೋ?"

ಅವನ ಮುಖದಿಂದ ನಗು ಇಳಿಯಿತು. ಹೊರಗೆ ಮುದುಕ ಬಂದು ಮುಟ್ಟುವ ಮೊದಲೇ ಶಟರ್ ಅರ್ಧಕ್ಕೆ ಎಳೆದು ಅವಳ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ. ಅವಳ ಹಿಂದಲೆ ಒಡೆದು ಬೆನ್ನಿಗೆ ಬಿಸಿ ಇಳಿಯಿತು.

"ಬಾಯಿ ಮುಚ್ಚು. ಅವನಽ ಮೊದಲ ಕೈ ಎತ್ತಿದ. ನಾ ಕೈಯಾಗಿನ ಕಬ್ಬಿಣದ ಪಾನಾ ಬೀಸಿದೆ. ಒಂದಽ ಏಟು. ನಿನಗೂ ಹಂಗಽ ಆಗಬೇಕೇನು?"

ಉಸಿರು ಕಟ್ಟಿ ಕಣ್ಣು ಮಂಜಾಗುತ್ತಿದ್ದಾಗ ಅವಳ ಕೈ ಮೇಜಿನ ಮೇಲೆ ತಡಕಾಡಿತು. ಸಿಕ್ಕಿದ್ದು ಒಂದು ಪಂಪಿನ ಶಾಫ್ಟು, ಮೊಳದುದ್ದದ ಕಬ್ಬಿಣದ ಸಲಾಕೆ. ಬೀಸಿದಳು. ಮೊಣಕೈ ಮುರಿದ ಸಪ್ಪಳ ಕೇಳಿಸಿತು. ಅವನು ಅರಚುತ್ತ ಕುಸಿದ. ಅವಳು ಮತ್ತೆ ಹೊಡೆದಳು; ಮಂಡಿಗೆ, ಹೆಗಲಿಗೆ, ದವಡೆಗೆ. ಹಲ್ಲು ನೆಲಕ್ಕೆ ಉದುರಿದವು. ಎರಡು ವರ್ಷ ಇದೇ ಮನುಷ್ಯನಿಗೆ ಚಹಾ ಕಾಸಿ ಕೊಟ್ಟಿದ್ದು ನೆನಪಾದಾಗ ಏಟು ಇನ್ನೂ ಬಿರುಸಾಯಿತು.

ಬೀರಲಿಂಗಪ್ಪ ಶಟರ್ ಎತ್ತಿ ಒಳಗೆ ನುಗ್ಗಿದ. ಅವನ ಹಿಂದೆ ಸೇರಿದ್ದ ನಾಲ್ಕೈದು ಮಂದಿಯೂ ಗುರುಶಾಂತನ ಮಾತು ಕೇಳಿಸಿಕೊಂಡಿದ್ದರು. ಮುದುಕ ಅವಳ ಕೈಯಿಂದ ಶಾಫ್ಟು ಕಿತ್ತುಕೊಂಡ. ಬಿಡಿಸುತ್ತಾನೆಂದೇ ಎಲ್ಲರೂ ತಿಳಿದರು. ಅವನು ಅದನ್ನು ಎರಡೂ ಕೈಯಲ್ಲಿ ಗುರುಶಾಂತನ ತಲೆಯ ಮೇಲೆ ಎತ್ತಿ ಹಿಡಿದ.

ಭಾಗ್ಯಾ ಅವನ ಕಾಲಿಗೆ ತೆಕ್ಕೆಬಿದ್ದಳು. "ಬ್ಯಾಡ ಮಾವ. ಇವ ಸತ್ರ ಹೇಳಾವ್ರು ಯಾರು? ಕೋರ್ಟಿನಾಗ ಇವನ ಬಾಯಿಂದಽ ಬರಲಿ."

ಮುದುಕ ಏಟನ್ನು ಪಕ್ಕಕ್ಕೆ ತಿರುಗಿಸಿದ. ಶಾಫ್ಟು ಗುರುಶಾಂತನ ಕಿವಿಯ ಪಕ್ಕದ ಸಿಮೆಂಟನ್ನು ಸೀಳಿತು. ಮಗ ಸತ್ತಾಗಿನಿಂದ ಅಳದಿದ್ದವನು ಅಲ್ಲೇ ಕುಳಿತು ಎದೆ ಬಡಿದುಕೊಂಡ.

ಪೊಲೀಸರು ಬಂದು ಎರಡು ಕೇಸು ಬರೆದುಕೊಂಡರು. ಗುರುಶಾಂತನ ಮೇಲೆ ಕೊಲೆ, ಅವನನ್ನು ಹೊಡೆದವರ ಮೇಲೆ ಹಲ್ಲೆ. ಹೊಡೆದದ್ದು ಯಾರೆಂದು ಸಾಹೇಬ ಕೇಳಿದಾಗ ಬೀರಲಿಂಗಪ್ಪ ತಪ್ಪು ತನ್ನ ಮೇಲೆ ಎಳೆದುಕೊಳ್ಳಲು ಬಾಯಿ ತೆರೆದ. ಭಾಗ್ಯಾ ಅವನಿಗಿಂತ ಮೊದಲು ಹೇಳಿದಳು.

"ನಾ ಹೊಡದೇನ್ರಿ. ಬರ್ಕೊಳ್ರಿ."